ಪೈಲಟ್ ತರಬೇತಿ: ವಿದೇಶದಲ್ಲಿ ನಿಜಕ್ಕೂ ಅಗ್ಗವೇ?



ವಿಮಾನ ನಡೆಸಬೇಕೆಂಬ ಆಸೆ ಬೆಂಗಳೂರಿನ ಮಕ್ಕಳಿಗಷ್ಟೇ ಮೀಸಲಲ್ಲ. ರಾಯಚೂರು ಜಿಲ್ಲೆಯ ಬಾಗಲವಾಡದಂಥ ಊರಿನಲ್ಲಿ ಪಿಯುಸಿ ಮುಗಿಸಿದ ಹುಡುಗನಿಗೋ ಹುಡುಗಿಗೋ ಆ ಆಸೆ ಹುಟ್ಟಿದರೆ ಮನೆಯವರು ಮೊದಲು ಕೇಳುವ ಪ್ರಶ್ನೆ ಒಂದೇ: ಖರ್ಚು ಎಷ್ಟು? ಭತ್ತ, ಹತ್ತಿ ಬೆಳೆಯುವ ಕುಟುಂಬಕ್ಕೆ ಅದು ಹೊಲದ ಪ್ರಶ್ನೆಯೂ ಹೌದು. ನಮ್ಮ ದೇಶದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಹತ್ತಾರು ಲಕ್ಷ ರೂಪಾಯಿ ಬೇಕು. ವಿದೇಶಕ್ಕೆ ಹೋದರೆ ಹಣವೂ ಕಾಲವೂ ಉಳಿಯುತ್ತದೆ ಎಂಬ ಮಾತು ಆಗ ಕಿವಿಗೆ ಬೀಳುತ್ತದೆ.

ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದ ಅರಿಜೋನಾದಂಥ ಒಣ ಪ್ರದೇಶಗಳಲ್ಲಿ ವರ್ಷದ ಹೆಚ್ಚಿನ ದಿನ ಆಕಾಶ ತಿಳಿಯಾಗಿರುತ್ತದೆ. ಇಲ್ಲಿ ಮಳೆಗಾಲ, ಉತ್ತರ ಭಾರತದಲ್ಲಿ ಚಳಿಗಾಲದ ಮಂಜು ಹಾರಾಟವನ್ನು ತಡೆಯುತ್ತವೆ. ಹಾರುವ ದಿನಗಳು ಹೆಚ್ಚಾದಷ್ಟೂ ತರಬೇತಿ ಬೇಗ ಮುಗಿಯುತ್ತದೆ, ಊಟ-ವಸತಿಯ ಖರ್ಚೂ ಇಳಿಯುತ್ತದೆ.

ಆದರೆ ಶಾಲೆಯವರು ಹೇಳುವ ಶುಲ್ಕವೇ ಪೂರ್ತಿ ಲೆಕ್ಕವಲ್ಲ. ವಿದೇಶಿ ಪರವಾನಗಿ ಹಿಡಿದು ಬಂದವರು ಭಾರತದ ವಿಮಾನ ಕಂಪನಿಯಲ್ಲಿ ಕೆಲಸ ಮಾಡಬೇಕಾದರೆ ಅದನ್ನು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿ.ಜಿ.ಸಿ.ಎ.ಯ, ಪರವಾನಗಿಯಾಗಿ ಪರಿವರ್ತಿಸಿಕೊಳ್ಳಬೇಕು. ಉಳಿತಾಯ ಕರಗುವುದು ಇಲ್ಲಿಯೇ.

ಡಿ.ಜಿ.ಸಿ.ಎ. ಕೇಳುವುದು 200 ಗಂಟೆಗಳ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಹೊತ್ತ ಪೈಲಟ್ ಆಗಿಯೇ ಹಾರಿರಬೇಕು. ಅಮೆರಿಕದ ಸಾಮಾನ್ಯ ಕ್ರಮದಲ್ಲಿ 250 ಗಂಟೆ ಬೇಕು. ಅನುಮೋದಿತ ಶಾಲೆಯ ಪಠ್ಯಕ್ರಮದಲ್ಲಿ 190 ಗಂಟೆಗೇ ಪರವಾನಗಿ ಸಿಗಬಹುದು. 190 ಗಂಟೆಗೆ ಮುಗಿಸಿ ಬಂದರೆ ಇಲ್ಲಿ ಹತ್ತು ಗಂಟೆ ಕೊರತೆ. ಇನ್ನೊಂದು ಷರತ್ತೂ ಇದೆ. ಅರ್ಜಿಗೆ ಹಿಂದಿನ ಆರು ತಿಂಗಳೊಳಗೆ ಕೌಶಲ ಪರೀಕ್ಷೆಗಳು ನಡೆದಿರಬೇಕು. ಪತ್ರಿಕೆಗಳು ಬಾಕಿ ಉಳಿದು ಅವಧಿ ಮೀರಿದರೆ ಮತ್ತೆ ವಿಮಾನ ಏರಬೇಕು, ಗಂಟೆಯ ಲೆಕ್ಕದಲ್ಲಿ ಹಣ ಕಟ್ಟಬೇಕು.

ಆದ್ದರಿಂದ ಖರ್ಚಿನ ಕ್ರಮ ಮುಖ್ಯ. ಮೊದಲು ವೈದ್ಯಕೀಯ ಪರೀಕ್ಷೆ. ಎರಡನೇ ದರ್ಜೆಯದು ಮುಗಿದ ಮೇಲೆ ಮೊದಲನೇ ದರ್ಜೆಯದನ್ನು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಸೇರಿದಂತೆ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾಡಿಸಬಹುದು. ಕನ್ನಡಕ ಇದ್ದ ಮಾತ್ರಕ್ಕೆ ಅವಕಾಶ ತಪ್ಪುವುದಿಲ್ಲ. ಬಣ್ಣ ಗುರುತಿಸುವ ಶಕ್ತಿಯ ದೋಷ ಅಡ್ಡಿಯಾಗಬಹುದು. ಅದು ಹೊಲ ಮಾರುವ ಮೊದಲೇ ತಿಳಿಯಬೇಕಾದ ಸಂಗತಿ.

ಎರಡನೆಯದು ಲಿಖಿತ ಪರೀಕ್ಷೆ. ವಾಯು ನಿಯಮ, ನ್ಯಾವಿಗೇಷನ್, ಹವಾಮಾನ ಮೊದಲಾದ ಪತ್ರಿಕೆಗಳಲ್ಲಿ ತೇರ್ಗಡೆಗೆ ಶೇಕಡಾ 70 ಅಂಕ ಬೇಕು. ವಿದೇಶದಲ್ಲಿ ಕಲಿತವರಿಗೂ ಈ ಮೂರು ವಿಷಯಗಳಿಂದ ಬಿಡುಗಡೆ ಇಲ್ಲ. ಇವನ್ನು ಊರಿನಲ್ಲಿದ್ದುಕೊಂಡೇ ಓದಿ, ಮುಗಿಸಿ ಹೊರಟವರಿಗೆ ಹಿಂತಿರುಗಿದ ಮೇಲೆ ಕಾಯುವ ತಿಂಗಳುಗಳು ಉಳಿಯುತ್ತವೆ.

ಮೂರನೆಯದು ಸಾಲ. ಶಿಕ್ಷಣ ಸಾಲದ ಮಾದರಿ ಯೋಜನೆಯಂತೆ ಏಳೂವರೆ ಲಕ್ಷ ಮೀರಿದರೆ ಬ್ಯಾಂಕು ಆಸ್ತಿಯ ಆಧಾರ ಕೇಳುತ್ತದೆ. ಬಾಕಿದಾರರ ಆಸ್ತಿಯನ್ನು ಕೋರ್ಟಿಗೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಕಾನೂನು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಹೊಲವನ್ನು ಆಧಾರವಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ರೈತನ ಮುಂದೆ ಉಳಿಯುವುದು ಹೊಲ ಮಾರುವ ದಾರಿ. ಮಾರಿದ ಹೊಲ ಮರಳಿ ಬರುವುದಿಲ್ಲ. ಡಾಲರಿನ ಬೆಲೆಯನ್ನೂ ಗಮನಿಸಿ: 2015ರಲ್ಲಿ ಸುಮಾರು 64 ರೂಪಾಯಿ ಇದ್ದದ್ದು 2025ರಲ್ಲಿ 85 ದಾಟಿತು. ಅಮೆರಿಕದಲ್ಲಿ ವೃತ್ತಿ ತರಬೇತಿಯ ಎಂ-1 ವೀಸಾದವರು ಕಲಿಯುವಾಗ ದುಡಿದು ಖರ್ಚು ತೂಗಿಸುವಂತೆಯೂ ಇಲ್ಲ.

ಪರವಾನಗಿ ಬಂದೊಡನೆ ಖರ್ಚು ನಿಲ್ಲುವುದಿಲ್ಲ. ಏರ್‌ಬಸ್‌ನಂಥ ದೊಡ್ಡ ವಿಮಾನ ನಡೆಸಲು ಆ ಮಾದರಿಯ ಪ್ರತ್ಯೇಕ ತರಬೇತಿ ಬೇಕು. ಅದಕ್ಕೂ ಲಕ್ಷಗಟ್ಟಲೆ ಹಣ. ಕೆಲಸ ತಕ್ಷಣ ಸಿಗುವ ಭರವಸೆಯೂ ಇಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕಬೇಕಾಯಿತು. ಸಾಲದ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ.

ಹತ್ತಿರದ ದಾರಿಯನ್ನೂ ನೋಡೋಣ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಆರಂಭವಾಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು. ಇಲ್ಲಿ ಕಲಿತರೆ ಪರಿವರ್ತನೆಯ ತೊಡಕಿಲ್ಲ; ಮಗನನ್ನೋ ಮಗಳನ್ನೋ ನೋಡಲು ಬಸ್ಸಿನಲ್ಲೇ ಹೋಗಿಬರಬಹುದು. ಆದರೆ ಇಲ್ಲಿಯೂ ಶಾಲೆಗೆ ಹೋಗಿ ಎಷ್ಟು ವಿಮಾನಗಳು ಹಾರುತ್ತಿವೆ, ಎಷ್ಟು ವಿದ್ಯಾರ್ಥಿಗಳಿದ್ದಾರೆ, 200 ಗಂಟೆ ಮುಗಿಸಲು ಹಿಂದಿನ ತಂಡಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ಕೇಳಬೇಕು. ಶುಲ್ಕವನ್ನು ಒಮ್ಮೆಗೇ ಕಟ್ಟದೆ, ಹಾರಿದಷ್ಟಕ್ಕೆ ಕಂತಿನಲ್ಲಿ ಕಟ್ಟುವುದು ಕ್ಷೇಮ.

ವಿದೇಶಕ್ಕೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಶುಲ್ಕ, ವಾಸ, ಪರಿವರ್ತನೆ, ಮಾದರಿ ತರಬೇತಿ, ಕೆಲಸಕ್ಕಾಗಿ ಕಾಯುವ ಒಂದೆರಡು ವರ್ಷ, ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ, ಎರಡೂ ದಾರಿಗಳನ್ನು ಹೋಲಿಸಿ. ಸಾವಿರಗಳಲ್ಲಿ ಮುಗಿಯುವ ಪರೀಕ್ಷೆಗಳು ಮೊದಲು, ಲಕ್ಷಗಳ ಶುಲ್ಕ ಆಮೇಲೆ. ಈ ಕ್ರಮ ತಪ್ಪದಿದ್ದರೆ, ಒಂದು ವೇಳೆ ಆಸೆ ಕೈಗೂಡದಿದ್ದರೂ ಹೊಲ ಮನೆಯಲ್ಲೇ ಉಳಿಯುತ್ತದೆ.