ಮನಸ್ಸು ಕಲ್ಲಾಗುವುದಿಲ್ಲ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಖಾನಾಪುರದ ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಾನು ಮುಂದೆ ಬೆಳಗಾವಿಯಲ್ಲಿ ನರ್ಸಿಂಗ್ ಕಲಿತು, ಅಲ್ಲಿಯೇ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಊರಿಗೆ ಬಂದಾಗಲೆಲ್ಲ ಜನ ಕೇಳುತ್ತಾರೆ: "ಸಾವು ನೋಡಿ ನೋಡಿ ನಿಮ್ಮ ಮನಸ್ಸು ಕಲ್ಲಾಗಿರಬೇಕಲ್ಲ?" ಇವತ್ತು ಅದಕ್ಕೆ ಉತ್ತರ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಕಣಕುಂಬಿ ಕಡೆಯ ಅಜ್ಜ ಒಬ್ಬರು ನಮ್ಮ ವಾರ್ಡಿನಲ್ಲಿದ್ದರು. ನಾನು ಖಾನಾಪುರದವಳೆಂದು ತಿಳಿದ ಮೇಲೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುತ್ತ ನನ್ನ ಕೈಯಿಂದಲೇ ಗುಳಿಗೆ ತಗೊಳ್ಳುತ್ತಿದ್ದರು. ಒಂದು ಸಂಜೆ ಹೊರಟಾಗ "ನಾಳೆ ಬರ್ತಿಯೇನವ್ವಾ?" ಎಂದರು. "ಬರ್ತೀನಿ ಅಜ್ಜಾ" ಎಂದೆ. ಮುಂಜಾನೆ ಹೋದರೆ ಆ ಹಾಸಿಗೆಗೆ ಹೊಸ ಚಾದರ ಹಾಸಿತ್ತು.

ಸ್ಟೋರ್ ರೂಮಿನಲ್ಲಿ ನಿಂತು ಅತ್ತೆ. ಆದರೆ ಪಕ್ಕದ ರೋಗಿಯ ಸಲೈನ್ ಮುಗಿಯುತ್ತ ಬಂದಿತ್ತು. ಮುಖ ತೊಳೆದು ಹೋದೆ. ಯಾರಿಗೂ ಹೇಳಲಿಲ್ಲ. ಅಳುವವಳು ಒಳ್ಳೆಯ ನರ್ಸ್ ಅಲ್ಲ ಎಂದುಕೊಂಡಿದ್ದೆ. ಊಟ ಸೇರದಾಯಿತು. ಕೆಲಸ ಬಿಡಬೇಕೆಂದು ಖಾನಾಪುರದ ಬಸ್ಸಿನಲ್ಲಿ ಕುಳಿತೇ ನಿರ್ಧರಿಸಿದ್ದೆ.

ಹಿರಿಯ ಸಿಸ್ಟರ್ ಒಬ್ಬರಿಗೆ ಇದು ಗೊತ್ತಾಯಿತು. ಚಹಾಕ್ಕೆ ಕರೆದುಕೊಂಡು ಹೋಗಿ, "ಅಳೋದು ತಪ್ಪಲ್ಲ ತಂಗಿ, ಒಬ್ಬಾಕೀನ ಅಳಬ್ಯಾಡ" ಎಂದರು. ಸತ್ತವರ ಕಣ್ಣು ಮುಚ್ಚುವುದು, ಮುಖ ಒರೆಸುವುದು, ಕೈಕಾಲು ನೇರ ಮಾಡುವುದು, ಕೂದಲು ಸರಿಪಡಿಸುವುದು, ಮನೆಯವರಿಗೆ ಸ್ವಲ್ಪ ಹೊತ್ತು ಹತ್ತಿರ ಕೂರಲು ಬಿಡುವುದು, ಇದನ್ನೆಲ್ಲ ಅವಸರವಿಲ್ಲದೆ ಮಾಡಲು ಕಲಿಸಿದರು. ಹಾಸಿಗೆಯ ನಂಬರಿನಿಂದಲ್ಲ, ಹೆಸರಿನಿಂದ ನೆನೆಯಲು ಹೇಳಿದರು. ಅದು ಸತ್ತವರಿಗೆ ಕೊಡುವ ಕೊನೆಯ ಮರ್ಯಾದೆ. ಕೈಲಾದದ್ದನ್ನು ಮಾಡಿದೆ ಎಂಬ ಸಮಾಧಾನ ನಮಗೂ ಸಿಗುತ್ತದೆ.

2021ರ ಕೊರೊನಾ ಎರಡನೇ ಅಲೆಯಲ್ಲಿ ಆ ಸಮಾಧಾನವೂ ಇಲ್ಲವಾಯಿತು. ನಾವು ಪಿಪಿಇ ಕಿಟ್‌ನೊಳಗೆ, ಮನೆಯವರು ಗೇಟಿನ ಹೊರಗೆ. ರೋಗಿಯ ಕಿವಿಗೆ ಫೋನ್ ಹಿಡಿದು ಮಗಳ ದನಿ ಕೇಳಿಸಿದ್ದೇನೆ. ಒಬ್ಬರಿಗಾಗಿ ಅಳುವಷ್ಟರಲ್ಲಿ ಇನ್ನೊಬ್ಬರು. ಅಲೆ ಇಳಿದರೂ ನನಗೆ ನಿದ್ದೆ ಮರಳಲಿಲ್ಲ. ಗೆಳತಿಯರ ಮಾತು, ಚಹಾ ಸಾಲದೆಂದು ಆಗ ತಿಳಿಯಿತು. ಮನೋವೈದ್ಯರ ಹತ್ತಿರ ಹೋದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪಾಲಕರಲ್ಲಿ ಒಂದು ವಿನಂತಿ. ನಿಮ್ಮ ಮಗಳೋ ಸೊಸೆಯೋ ನರ್ಸ್ ಆಗಿದ್ದು, ಡ್ಯೂಟಿಯಿಂದ ಸುಮ್ಮನೆ ಬಂದು ಕುಳಿತರೆ ಅಡಿಗೆಯ ಮಾತು ಆಮೇಲೆ ಇರಲಿ. ಒಂದು ಕಪ್ ಚಹಾ ಕೊಟ್ಟು ಪಕ್ಕದಲ್ಲಿ ಕೂಡಿರಿ. ನರ್ಸಿಂಗ್ ಓದಬೇಕೆನ್ನುವ ಹುಡುಗಿಯರೇ, ಹುಡುಗರೇ, ಈ ಕೆಲಸಕ್ಕೆ ಕಲ್ಲುಮನಸ್ಸು ಬೇಡ. ಅಳು ಬಂದಾಗ ಹೇಳಿಕೊಳ್ಳುವ ಧೈರ್ಯ ಬೇಕು.

ಇಂದಿಗೂ ಡ್ಯೂಟಿ ಮುಗಿದ ಮೇಲೆ ಪ್ರತಿ ಹಾಸಿಗೆಯ ಹತ್ತಿರ ನಿಂತು, ಮಾತಾಡಿಸಿಯೇ ಹೊರಡುತ್ತೇನೆ. ಆ ರೂಢಿ ಹಚ್ಚಿದವರು ಕಣಕುಂಬಿಯ ಅಜ್ಜ.