ಕೊನೆಯ ಹೊಲಕ್ಕೂ ಕಾಲುವೆಯ ನೀರು



ಜಲಾಶಯ ತುಂಬಿದ ಸುದ್ದಿ ನಾಡಿಗೆಲ್ಲ ಸಂತಸ ತರುತ್ತದೆ. ಆದರೆ ರೈತನ ಹೊಲಕ್ಕೆ ನೀರನ್ನು ಮುಟ್ಟಿಸುವುದು ಕಾಲುವೆ. ಕಾಲುವೆ ಜೀರ್ಣವಾದರೆ ಜಲಾಶಯ ತುಂಬಿದ್ದರೂ ಪೈರು ಒಣಗುತ್ತದೆ. ತುಂಗಭದ್ರಾ ಯೋಜನೆ ಇದಕ್ಕೆ ನಿದರ್ಶನ.

ಹೊಸಪೇಟೆಯ ಬಳಿ ಈ ಅಣೆಕಟ್ಟಿನ ಕಾಮಗಾರಿ 1945ರಲ್ಲಿ ಆರಂಭವಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದವಿದ್ದು, ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಿಗೆ ಆಧಾರವಾಗಿದೆ. ಗಂಗಾವತಿ, ಸಿಂಧನೂರುಗಳ ಅಕ್ಕಿ ದೂರದ ನಗರಗಳಿಗೂ ಹೋಗುತ್ತದೆ. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇದ್ದುದು ಹೂಳಿನಿಂದಾಗಿ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಹೀಗಿರುವಾಗ ಕಾಲುವೆಯಲ್ಲಿ ಸೋರಿಹೋಗುವ ನೀರಿನ ನಷ್ಟ ಇನ್ನೂ ಭಾರವಾಗುತ್ತದೆ.

ಈ ಪ್ರದೇಶದ ಬಹುಭಾಗ ಎರೆಭೂಮಿ. ಎರೆಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಒತ್ತಡಕ್ಕೆ ಕಾಲುವೆಯ ಒಳಹೊದಿಕೆ ಬಿರುಕು ಬಿಡುತ್ತದೆ. ಬಿರುಕಿನಿಂದ ಜಿನುಗಿದ ನೀರು ಪಕ್ಕದ ಹೊಲಗಳನ್ನು ಸವಳು-ಜವಳು ಮಾಡುತ್ತದೆ. ಹೂಳು ಮತ್ತು ಜೊಂಡು ಹರಿವಿನ ವೇಗವನ್ನು ತಗ್ಗಿಸುತ್ತವೆ. ಇದರೊಡನೆ, ಅರೆ ನೀರಾವರಿ ಬೆಳೆಗಳಿಗೆಂದು ಯೋಜಿಸಿದ ಮೇಲ್ಭಾಗದ ಭೂಮಿಯಲ್ಲಿ ಭತ್ತದ ಬೆಳೆ ಹಬ್ಬಿದೆ. ಪರಿಣಾಮವಾಗಿ, ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಭೂಮಿ ಕೆಡುತ್ತದೆ; ಕೊನೆಯ ಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರು ನೀರಿಗಾಗಿ ಕಾಯುತ್ತಾರೆ.

ಬಿರುಕಿಗೆ ಸಿಮೆಂಟು ಮೆತ್ತಿದರೆ ದುರಸ್ತಿ ಬಾಳುವುದಿಲ್ಲ. ಹೊದಿಕೆಯ ಕೆಳಗಿನ ಎರೆಮಣ್ಣನ್ನು ತೆಗೆದು, ಉಬ್ಬದ ಗರಸುಮಣ್ಣನ್ನು ಪದರ ಪದರವಾಗಿ ತುಂಬಿ ಗಟ್ಟಿಗೊಳಿಸಿ, ಅದರ ಮೇಲೆ ಕಾಂಕ್ರೀಟು ಹಾಕಬೇಕು. ಹಿಂಬದಿಯ ನೀರಿನ ಒತ್ತಡ ಇಳಿಯಲು ರಂಧ್ರಗಳನ್ನು ಬಿಡಬೇಕು. ತೂಬುಗಳ ಬಾಗಿಲನ್ನು ಸರಿಪಡಿಸಿ, ಪ್ರತಿ ವಿತರಣಾ ಕಾಲುವೆಯ ತಲೆಯಲ್ಲಿ ನೀರಿನ ಅಳತೆಗೆ ವ್ಯವಸ್ಥೆ ಮಾಡಬೇಕು. ಇವೆಲ್ಲವೂ ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲುವ ಕೆಲವೇ ವಾರಗಳಲ್ಲಿ ಮುಗಿಯಬೇಕಾದ ಕೆಲಸಗಳು.

ಪಾಲನೆಯಲ್ಲಿ ವಿಳಂಬವಾದರೆ ಅಪಾಯ ಎಷ್ಟೆಂಬುದನ್ನು 2024ರ ಆಗಸ್ಟ್ 10ರ ರಾತ್ರಿ ತೋರಿಸಿತು. ಸರಪಳಿ ತುಂಡಾಗಿ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆ ಅಳವಡಿಸಿ ಉಳಿದ ನೀರನ್ನು ಕಾಪಾಡಲಾಯಿತು. ಅಷ್ಟರಲ್ಲಿ ಬೆಳೆಗೆ ಬೇಕಾದ ಅಪಾರ ನೀರು ನದಿಯ ಪಾಲಾಗಿತ್ತು.

ಇದೇ ನದಿಯ ದಡದಲ್ಲಿ ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ತಲೆಮಾರುಗಳು ಅವುಗಳನ್ನು ನೋಡಿಕೊಂಡು ಬಂದದ್ದರಿಂದಲೇ ಅವು ಉಳಿದಿವೆ.

ಕೇಂದ್ರ ಸರ್ಕಾರ 1974-75ರಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಕಾರ್ಯಕ್ರಮವನ್ನೂ 2015ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯನ್ನೂ ಆರಂಭಿಸಿತು. ಕರ್ನಾಟಕದಲ್ಲಿ ನೀರು ಬಳಕೆದಾರರ ಸಹಕಾರ ಸಂಘಗಳು ರಚನೆಯಾಗಿವೆ. ಸರ್ಕಾರ ಕಾಲುವೆಯನ್ನು ದುರಸ್ತಿ ಮಾಡಬಲ್ಲದು. ಸರದಿಯಂತೆ ನೀರು ಹಂಚಿಕೊಂಡು ಹೊಲಗಾಲುವೆಯ ಹೂಳು ತೆಗೆಯುವ ಹೊಣೆ ರೈತರದು. ಈ ಎರಡೂ ಕೂಡಿದಾಗ ಕೊನೆಯ ಹೊಲದ ರೈತನಿಗೂ ಅವನ ಪಾಲಿನ ನೀರು ದೊರೆಯುತ್ತದೆ.