ಟೈಲು ಕತ್ತರಿಸುವ ಯಂತ್ರದ ಆಯ್ಕೆ: ನೀರಿನ ಮಹತ್ವ



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯಂತಹ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹುಮಂದಿ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುತ್ತಾರೆ. ಬಚ್ಚಲುಮನೆಯ ನೆಲವನ್ನೋ ಅಡುಗೆಮನೆಯ ಗೋಡೆಯನ್ನೋ ಹೊಸದಾಗಿಸುವ ಸಂದರ್ಭ ಇವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದಿನ ಒದಗುತ್ತದೆ. ಆಗ ಟೈಲಿನ ಬಣ್ಣ, ಹೊಳಪು, ಬೆಲೆ ಇವುಗಳ ಬಗ್ಗೆ ಮನೆಮಂದಿಯೆಲ್ಲ ಕುಳಿತು ಚರ್ಚಿಸುವುದುಂಟು. ಆದರೆ ಆ ಟೈಲನ್ನು ಯಾವ ಯಂತ್ರದಿಂದ ಕತ್ತರಿಸಬೇಕು ಎಂಬ ಪ್ರಶ್ನೆಯನ್ನು ಮೇಸ್ತ್ರಿಯ ಪಾಲಿಗೆ ಬಿಟ್ಟು ಸುಮ್ಮನಾಗುತ್ತೇವೆ. ಈ ಪ್ರಶ್ನೆ ಕೇವಲ ಕಸುಬಿಗೆ ಸಂಬಂಧಿಸಿದ್ದಲ್ಲ, ಆರೋಗ್ಯಕ್ಕೂ ಸಂಬಂಧಿಸಿದ್ದು ಎಂಬುದನ್ನು ತಮ್ಮ ಮುಂದಿಡುವುದೇ ಈ ಭಾಷಣದ ಉದ್ದೇಶ. ಮನೆಯ ಸಣ್ಣಪುಟ್ಟ ಕೆಲಸಗಳನ್ನು ತಾವೇ ಮಾಡಿಕೊಳ್ಳುವ ಹವ್ಯಾಸವುಳ್ಳವರಿಗೂ, ಮೇಸ್ತ್ರಿಯಿಂದ ಮಾಡಿಸುವವರಿಗೂ ಈ ಮಾತುಗಳು ಸಮಾನವಾಗಿ ಅನ್ವಯಿಸುತ್ತವೆ.

ನಾವು ಇಲ್ಲಿ ವಿಚಾರ ಮಾಡಲಿರುವ ಯಂತ್ರ, ಬ್ಲೇಡಿನ ಮೇಲೆ ಸದಾ ನೀರು ಹಾಯುತ್ತಿರುವಂತೆ ರಚಿಸಲಾದ ಗರಗಸ. ಇದನ್ನು ಕನ್ನಡದಲ್ಲಿ ನೀರುಗರಗಸ ಎಂದು ಕರೆಯಬಹುದು. ಅಂಗಡಿಯಲ್ಲಿ ಈ ಹೆಸರು ಹೇಳಿದರೆ ಯಾರಿಗೂ ತಿಳಿಯದು. ಅಲ್ಲಿ ‘ವೆಟ್ ಟೈಲ್ ಕಟರ್’ ಎಂದೇ ಕೇಳಬೇಕು. ಬರಿದೆ ‘ಕಟರ್’ ಎಂದರೆ ಅಂಗಡಿಯವರು ನಾಲ್ಕಿಂಚಿನ ಕೈಯಂತ್ರವನ್ನು ತೆಗೆದುಕೊಡುತ್ತಾರೆ. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ಅರಿಯುವುದು ಅವಶ್ಯಕ.

ಮೊದಲಿಗೆ ಧೂಳಿನ ವಿಚಾರ. ಟೈಲು ಕತ್ತರಿಸುವ ಬ್ಲೇಡಿಗೆ ಮರದ ಗರಗಸಕ್ಕಿರುವಂತೆ ಹಲ್ಲುಗಳಿರುವುದಿಲ್ಲ. ಅದರ ಅಂಚಿನಲ್ಲಿ ವಜ್ರದ ಸಣ್ಣ ಹರಳುಗಳನ್ನು ಲೋಹದೊಡನೆ ಬೆಸೆದಿರುತ್ತಾರೆ. ಅದು ಟೈಲನ್ನು ಕೊಯ್ಯುವುದಿಲ್ಲ, ತೇಯುತ್ತದೆ. ತೇಯ್ದ ಭಾಗವೆಲ್ಲ ಹುಡಿಯಾಗುತ್ತದೆ. ಸೆರಾಮಿಕ್ ಮತ್ತು ವಿಟ್ರಿಫೈಡ್ ಟೈಲುಗಳ ಕಚ್ಚಾ ಸಾಮಗ್ರಿಯಲ್ಲಿ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಗ್ರಾನೈಟ್ ಕಲ್ಲಿನಲ್ಲಿ ಶೇಕಡ 20ಕ್ಕೂ ಮಿಗಿಲಾಗಿ ಸ್ಫಟಿಕಶಿಲೆಯಿದ್ದರೆ, ಈಚೆಗೆ ಅಡುಗೆಕಟ್ಟೆಗೆ ಬಳಸುತ್ತಿರುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಇರುವುದುಂಟು. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು, ಗಂಟಲುಗಳಲ್ಲಿಯೇ ತಡೆಯಲ್ಪಡುತ್ತದೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಗೊಳ್ಳುತ್ತವೆ. ಅವುಗಳ ಸುತ್ತ ಗಾಯದ ಕಲೆಯಂತಹ ಗಡಸು ಗಂಟುಗಳು ಬೆಳೆದು, ಶ್ವಾಸಕೋಶ ತನ್ನ ಹಿಗ್ಗುವ ಗುಣವನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧ ಇಲ್ಲ. ಇದು ಬಂದವರಿಗೆ ಕ್ಷಯರೋಗವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಇಂತಹ ಸಿಲಿಕಾ ಧೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ವರ್ಗೀಕರಿಸಿತು.

ಈ ಕಾಯಿಲೆ ನಮ್ಮ ನಾಡಿಗೆ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಇದನ್ನು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ವೈದ್ಯರು ಗುರುತಿಸಿದ್ದರು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ನಿದರ್ಶನ ಮಧ್ಯಪ್ರದೇಶದ ಮಂದಸೌರಿನದು. ಶಾಲಾಮಕ್ಕಳು ಬರೆಯುವ ಬಳಪದ ಕಡ್ಡಿಗಳನ್ನು ಅಲ್ಲಿ ಕಲ್ಲಿನಿಂದ ವಿದ್ಯುತ್ ಗರಗಸಗಳ ಮೂಲಕ ಕೊಯ್ಯಲಾಗುತ್ತಿತ್ತು. ಆ ಕೆಲಸದಲ್ಲಿ ತೊಡಗಿದವರಲ್ಲಿ ಸಿಲಿಕೋಸಿಸ್ ತೀವ್ರವಾಗಿ ಹರಡಿದ್ದುದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿ ಪ್ರಕಟಿಸಿದರು. ಗಣಿಯ ಆಳದಲ್ಲಿಯೇ ಆಗಲಿ, ಕೊಠಡಿಯ ಒಳಗೇ ಆಗಲಿ, ಒಣಕಲ್ಲನ್ನು ಯಂತ್ರದಿಂದ ತೇಯ್ದಲ್ಲಿ ಅಪಾಯದ ಸ್ವರೂಪ ಒಂದೇ. ಆಸ್ಟ್ರೇಲಿಯ ದೇಶವಂತೂ ಕೃತಕ ಕ್ವಾರ್ಟ್ಜ್ ಹಲಗೆಗಳ ತಯಾರಿಕೆ, ಪೂರೈಕೆ ಮತ್ತು ಅಳವಡಿಕೆಯನ್ನು ಈ ಕಾರಣಕ್ಕಾಗಿಯೇ 2024ರ ಜುಲೈ 1ರಿಂದ ನಿಷೇಧಿಸಿದೆ.

ಮನೆಯವರಿಗೆ ಈ ಧೂಳಿನ ಸಂಪರ್ಕ ಒಂದೆರಡು ದಿನದ್ದು. ಮೇಸ್ತ್ರಿಗೂ ಆತನ ಕೈಯಾಳಿಗೂ ಅದು ಪ್ರತಿದಿನದ್ದು. ಇಂದು ನಮ್ಮ ಮನೆ, ನಾಳೆ ಇನ್ನೊಬ್ಬರ ಮನೆ. ಹೀಗೆ ವರ್ಷಗಟ್ಟಲೆ ಸಂಗ್ರಹವಾಗುವ ಧೂಳಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆದುದರಿಂದ ಯಂತ್ರದ ಆಯ್ಕೆಯಲ್ಲಿ ಗೃಹಸ್ಥನಿಗೂ ಪಾಲಿದೆ, ಹೊಣೆಯೂ ಇದೆ.

ಈಗ ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳನ್ನು ಪರಿಶೀಲಿಸೋಣ. ಇವುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ವಿದ್ಯುತ್ತಿನ ಅಗತ್ಯವೇ ಇಲ್ಲದ ಕೈ ಕಟರ್. ಹಳಿಯ ಮೇಲೆ ಜಾರುವ ಒಂದು ಗಡಸು ಚಕ್ರ ಟೈಲಿನ ಮೇಲೆ ಗೆರೆ ಎಳೆಯುತ್ತದೆ. ಬಳಿಕ ಹಿಡಿಯನ್ನು ಒತ್ತಿದರೆ ಟೈಲು ಆ ಗೆರೆಯಲ್ಲಿ ಎರಡಾಗಿ ಮುರಿಯುತ್ತದೆ. ಧೂಳು ನಗಣ್ಯ, ಸದ್ದು ಕಡಮೆ, ವಿದ್ಯುದಾಘಾತದ ಭಯವಿಲ್ಲ. ಆದರೆ ಇದರಿಂದ ನೇರ ಕಡಿತ ಮಾತ್ರ ಸಾಧ್ಯ. ನಲ್ಲಿಯ ಸುತ್ತಲಿನ ಕಚ್ಚು, ಬಾಗಿಲ ಚೌಕಟ್ಟಿನ ಮೂಲೆ, ಬೆರಳಗಲದ ಪಟ್ಟಿ ಇವು ಇದರಿಂದ ಆಗುವುದಿಲ್ಲ. ಆಯತಾಕಾರದ ಒಂದು ಕೋಣೆಗೆ ಟೈಲು ಹಾಕುವುದಾದರೆ ಬಹುಪಾಲು ಕಡಿತಗಳು ಇದರಲ್ಲಿಯೇ ಮುಗಿಯುತ್ತವೆ ಎಂಬುದನ್ನು ಗಮನಿಸಬೇಕು.

ಎರಡನೆಯದು ನಾಲ್ಕಿಂಚಿನ, ಅಂದರೆ ಸುಮಾರು 110 ಮಿಲಿಮೀಟರ್ ವ್ಯಾಸದ ಬ್ಲೇಡುಳ್ಳ ಕೈಯಂತ್ರ. ಮಾರ್ಬಲ್ ಕಟರ್ ಎಂದು ಎಲ್ಲರೂ ಬಲ್ಲದ್ದು ಇದನ್ನೇ. ಇದು ನಿಮಿಷಕ್ಕೆ ಹನ್ನೆರಡು ಹದಿಮೂರು ಸಾವಿರ ಸುತ್ತು ತಿರುಗುತ್ತದೆ. ಹಗುರ, ಅಗ್ಗ, ಎಲ್ಲಿಗೆ ಬೇಕಾದರೂ ಒಯ್ಯಬಹುದಾದದ್ದು. ಆದರೆ ಒಣದಾಗಿ ಬಳಸಿದರೆ ಕೋಣೆಯಿಡೀ ಬಿಳಿಯ ಮಬ್ಬು ಕವಿಯುತ್ತದೆ. ಇದನ್ನು ತಪ್ಪಿಸಲು ಕೈಯಾಳೊಬ್ಬ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ನೀರು ಸುರಿಯುತ್ತಾ ನಿಲ್ಲುವುದನ್ನು ತಾವು ನೋಡಿರಬಹುದು. ನೀರಿನ ಬಳಕೆಗೆಂದು ರಚಿಸದ ಯಂತ್ರದ ಮೇಲೆ ಹೀಗೆ ನೀರು ಸುರಿದರೆ, ಧೂಳಿನ ಅಪಾಯ ಕಳೆದು ವಿದ್ಯುತ್ತಿನ ಅಪಾಯ ಬಂದಂತಾಗುತ್ತದೆ. ಕೆಲವು ಕೈಯಂತ್ರಗಳಿಗೆ ತಯಾರಕರೇ ನೀರಿನ ಕೊಳವೆಯನ್ನು ಜೋಡಿಸಿರುತ್ತಾರೆ. ಕೈಯಂತ್ರವೇ ಬೇಕೆಂದಿದ್ದರೆ ಅಂತಹದನ್ನೇ ಕೊಳ್ಳುವುದು ಯುಕ್ತ.

ಮೂರನೆಯದು ಮೇಜಿನ ರೂಪದ ನೀರುಗರಗಸ. ಮೋಟಾರು ಕೆಳಗಿರುತ್ತದೆ. ಸಾಮಾನ್ಯವಾಗಿ 180 ಮಿಲಿಮೀಟರ್ ವ್ಯಾಸದ ಬ್ಲೇಡಿನ ಕೆಳಭಾಗ ನೀರಿನ ತೊಟ್ಟಿಯಲ್ಲಿ ಮುಳುಗಿದ್ದು, ತಿರುಗುವಾಗ ನೀರನ್ನು ತಾನೇ ಮೇಲಕ್ಕೆ ಒಯ್ಯುತ್ತದೆ. ವೇಗ ನಿಮಿಷಕ್ಕೆ ಸುಮಾರು 3,000 ಸುತ್ತು. ಟೈಲನ್ನು ಮೇಜಿನ ಮೇಲಿಟ್ಟು ಬ್ಲೇಡಿನತ್ತ ತಳ್ಳಬೇಕು. ಹಲವು ಮಾದರಿಗಳಲ್ಲಿ ಮೇಜನ್ನು 45 ಅಂಶ ಓರೆಯಾಗಿಸಿ ಗೋಡೆಯ ಹೊರಮೂಲೆಗೆ ಬೇಕಾದ ಅಂಚನ್ನು ಪಡೆಯಬಹುದು. ಒಂದೆರಡು ಬಚ್ಚಲುಮನೆಗಳ ಕೆಲಸಕ್ಕೆ ಇದು ಸಾಕು. ತೊಟ್ಟಿಯ ನೀರು ಇಳಿದು ಬ್ಲೇಡಿನ ಅಂಚು ಮೇಲೆದ್ದರೆ ಧೂಳು ಮತ್ತೆ ಏಳುವುದರಿಂದ, ಆಗಾಗ ನೀರು ತುಂಬುತ್ತಿರುವುದು ಅಗತ್ಯ.

ನಾಲ್ಕನೆಯದು ಹಳಿಯ ಮೇಲೆ ಬ್ಲೇಡು ಚಲಿಸುವ ದೊಡ್ಡ ಯಂತ್ರ. ಇದರಲ್ಲಿ ಟೈಲು ಸ್ಥಿರವಾಗಿರುತ್ತದೆ, ಮೋಟಾರು ಮೇಲಿರುತ್ತದೆ, ಪಂಪು ಬ್ಲೇಡಿಗೆ ನೀರು ಹಾಯಿಸುತ್ತದೆ. ದೊಡ್ಡ ಅಳತೆಯ ಟೈಲುಗಳಿಗೆ ಇದು ಉತ್ತಮ. ಬೆಲೆ ಹೆಚ್ಚಾದ ಕಾರಣ ಒಂದೇ ಮನೆಗಾಗಿ ಇದನ್ನು ಕೊಳ್ಳುವುದು ವಿವೇಕವಲ್ಲ. ದೊರೆತರೆ ಬಾಡಿಗೆಗೆ ತರಬಹುದು.

ಯಾವ ಬಗೆ ಎಂದು ನಿರ್ಧರಿಸುವ ಮೊದಲು ಟೈಲಿನ ಅಳತೆಯನ್ನು ನೋಡಬೇಕು. ಎರಡಡಿ ಚೌಕದ ಟೈಲಿಗೆ 600 ಮಿಲಿಮೀಟರ್ ಉದ್ದದ ನೇರ ಕಡಿತ ಸಾಕು. ಅದನ್ನೇ ಕರ್ಣರೇಖೆಯಲ್ಲಿ ಕತ್ತರಿಸಬೇಕಾದರೆ ಸುಮಾರು 850 ಮಿಲಿಮೀಟರ್ ಬೇಕಾಗುತ್ತದೆ. ಎಷ್ಟೋ ಮಂದಿ ಈ ಲೆಕ್ಕ ಹಾಕದೆ ಯಂತ್ರ ತಂದು ಬಳಿಕ ಪೇಚಾಡುವುದುಂಟು. ಟೈಲಿನ ಗುಣವನ್ನೂ ನೋಡಬೇಕು. ಗೋಡೆಯ ಸೆರಾಮಿಕ್ ಟೈಲು ತನ್ನ ತೂಕದ ಶೇಕಡ 10ಕ್ಕೂ ಹೆಚ್ಚು ನೀರನ್ನು ಹೀರಬಲ್ಲ ಮೃದು ವಸ್ತು. ವಿಟ್ರಿಫೈಡ್ ಟೈಲು ಶೇಕಡ 0.5ರಷ್ಟನ್ನೂ ಹೀರದ ದಟ್ಟ ವಸ್ತು. ಮೊದಲನೆಯದಕ್ಕೆ ಸಣ್ಣ ಮೋಟಾರು ಸಾಕು. ಎರಡನೆಯದಕ್ಕೆ ಹೆಚ್ಚು ಶಕ್ತಿಯ ಮೋಟಾರೂ ಉತ್ತಮ ಬ್ಲೇಡೂ ಬೇಕು.

ಬ್ಲೇಡನ್ನು ಆರಿಸುವಾಗ ಅಂಚು ಅಖಂಡವಾಗಿರುವುದನ್ನೇ ಕೇಳಿ ಪಡೆಯಬೇಕು. ನಡುನಡುವೆ ಸೀಳುಗಳಿರುವ ಬ್ಲೇಡು ಕಾಂಕ್ರೀಟು, ಇಟ್ಟಿಗೆಗಳಿಗಾಗಿ ಇರುವಂಥದು. ಟೈಲಿಗೆ ಬಳಸಿದರೆ ಮೆರುಗು ಚಕ್ಕೆಯೇಳುತ್ತದೆ. ನಡುವಿನ ರಂಧ್ರದ ಅಳತೆ ಯಂತ್ರಕ್ಕೆ ಹೊಂದಬೇಕು. ಬ್ಲೇಡಿನ ಮೇಲೆ ಮುದ್ರಿಸಿರುವ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಮೆಯಿರಬಾರದು. ನೀರು ಇಲ್ಲಿಯೂ ಉಪಕಾರಿ: ಬ್ಲೇಡು ಕಾಯುವುದಿಲ್ಲ, ಹೆಚ್ಚು ಕಾಲ ಬಾಳುತ್ತದೆ, ಟೈಲಿನ ಅಂಚೂ ಅಂದವಾಗಿ ಬರುತ್ತದೆ.

ಇನ್ನು ವಿದ್ಯುತ್ತಿನ ವಿಚಾರ. ನೀರೂ ವಿದ್ಯುತ್ತೂ ಒಂದೆಡೆ ಸೇರುವ ಈ ಯಂತ್ರಕ್ಕೆ ಮನೆಯ ವಿತರಣಾ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಕೊಳ್ಳುವ ಆರ್‌ಸಿಸಿಬಿ ಇರುವುದು ಕಡ್ಡಾಯವೆಂದೇ ಭಾವಿಸತಕ್ಕದ್ದು. ಎಂಸಿಬಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳಲಾಗದು. ಅದು ತಂತಿಯನ್ನು ಕಾಪಾಡುತ್ತದೆಯೇ ಹೊರತು ಮನುಷ್ಯನನ್ನಲ್ಲ. ಕೆಲಸಕ್ಕೆ ಮೊದಲು ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಮೂರು ಕಡ್ಡಿಗಳ ಪ್ಲಗ್ಗಿದ್ದರೆ ಭೂಸಂಪರ್ಕದ ಕಡ್ಡಿಯನ್ನು ತೆಗೆದುಹಾಕಬಾರದು. ಪ್ಲಗ್ಗಿನ ಬಳಿ ತಂತಿಯನ್ನು ಕೆಳಕ್ಕೆ ಜೋತು ಬಿಟ್ಟಿದ್ದರೆ, ತಂತಿಯುದ್ದಕ್ಕೂ ಹರಿದು ಬಂದ ನೀರು ಸಾಕೆಟ್ಟನ್ನು ಸೇರದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಯಂತ್ರದ ಫಲಕದಲ್ಲಿ ಐಪಿ ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿದ್ದರೆ, ಎರಡನೆಯದು ನೀರಿನಿಂದ ದೊರೆಯುವ ರಕ್ಷಣೆಯನ್ನು ಸೂಚಿಸುತ್ತದೆ. ಅದು 4 ಆಗಿದ್ದರೆ ಸಿಡಿಯುವ ನೀರನ್ನು ಯಂತ್ರ ತಡೆಯಬಲ್ಲದು. ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಯಂತ್ರ ಅಲ್ಲಿನ 120 ವೋಲ್ಟಿಗೆ ತಕ್ಕುದಾಗಿರುತ್ತದೆ. ನಮ್ಮ 230 ವೋಲ್ಟಿಗೆ ಅದನ್ನು ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ.

ಯಂತ್ರ ಎಷ್ಟೇ ಉತ್ತಮವಾದರೂ ಕೆಲವು ಕ್ರಮಗಳನ್ನು ಬಿಡಲಾಗದು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷೆ ಇರಬೇಕು. ಸೆರಗು, ದುಪಟ್ಟ, ಸಡಿಲ ತೋಳು, ಸಡಿಲ ಕೈಚೀಲಗಳು ತಿರುಗುವ ಬ್ಲೇಡಿನ ಬಳಿ ಸುಳಿಯಬಾರದು. ಮೂಗಿಗೆ ಕಟ್ಟಿದ ಕರವಸ್ತ್ರ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಎನ್-95 ಅಥವಾ ಎಫ್‌ಎಫ್‌ಪಿ-2 ದರ್ಜೆಯ ಮುಖಗವಸು ಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಇಲಾಖೆ 2016ರಲ್ಲಿ ಹೊರಡಿಸಿದ ನಿಯಮ ಇಲ್ಲಿ ಗಮನಾರ್ಹ. ಯಂತ್ರದಲ್ಲಿಯೇ ನೀರಿನ ವ್ಯವಸ್ಥೆಯುಳ್ಳ ಸ್ಥಿರ ಗರಗಸವನ್ನು ಸರಿಯಾಗಿ ಬಳಸುವವರಿಗೆ ಅದು ಮುಖಗವಸನ್ನು ಕಡ್ಡಾಯ ಮಾಡಿಲ್ಲ. ಕೈಗರಗಸವನ್ನು ಕೋಣೆಯೊಳಗೆ ಬಳಸುವವರಿಗೆ, ನೀರಿನ ವ್ಯವಸ್ಥೆಯಿದ್ದರೂ, ಮಾಡಿದೆ. ಮೂರನೆಯ ಮತ್ತು ನಾಲ್ಕನೆಯ ಬಗೆಯ ಯಂತ್ರಗಳು ಏಕೆ ಮೇಲು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಮರ್ಥನೆ ಬೇಕಿಲ್ಲ.

ಕೊನೆಯದಾಗಿ ರಾಡಿಯ ವಿಚಾರ. ನೀರಿನಲ್ಲಿ ಸೇರಿದ ಧೂಳು ಮಾಯವಾಗಿಲ್ಲ, ಕೆಸರಾಗಿದೆಯಷ್ಟೆ. ಒಣಗಲು ಬಿಟ್ಟರೆ ಅದು ಮತ್ತೆ ಧೂಳಾಗಿ ಏಳುತ್ತದೆ. ಆದುದರಿಂದ ಒಣಪೊರಕೆಯಿಂದ ಗುಡಿಸದೆ, ಹಸಿಯಿರುವಾಗಲೇ ಬಟ್ಟೆಯಿಂದ ಒರೆಸಿ ತೆಗೆಯಬೇಕು. ರಾಡಿಯನ್ನು ಬಚ್ಚಲಿನ ಕಿಂಡಿಗೆ ಸುರಿದರೆ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಬಹುಮಹಡಿ ಕಟ್ಟಡದಲ್ಲಿ ಅದರ ಫಲವನ್ನು ಕೆಳಗಿನ ಮನೆಯವರೂ ಅನುಭವಿಸಬೇಕಾದೀತು. ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟು, ಮೇಲಿನ ತಿಳಿನೀರನ್ನು ಚೆಲ್ಲಿ, ತಳದ ಗಸಿಯನ್ನು ಚೀಲದಲ್ಲಿ ಕಟ್ಟಿ ಕಟ್ಟಡದ ತ್ಯಾಜ್ಯದೊಡನೆ ಸೇರಿಸುವುದೇ ಸರಿಯಾದ ಕ್ರಮ.

ಹಾಗಾದರೆ ಏನು ಮಾಡಬೇಕು? ನೇರ ಕಡಿತಗಳಷ್ಟೇ ಇದ್ದರೆ ಕೈ ಕಟರ್ ಸಾಕು. ಕಚ್ಚು, ಮೂಲೆಗಳಿದ್ದರೆ ಅದರ ಜೊತೆಗೆ ಮೇಜಿನ ನೀರುಗರಗಸವೊಂದಿರಲಿ. ಮೇಸ್ತ್ರಿಗೆ ಕೆಲಸ ವಹಿಸುವುದಾದರೆ ದರ ಗೊತ್ತುಮಾಡುವ ದಿನವೇ, ಒಣದಾಗಿ ಕತ್ತರಿಸಕೂಡದು ಎಂದು ಮಾತಾಗಲಿ. ಹಾಗೆ ಹೇಳಿದ ಮೇಲೆ ಗಾಳಿಯಾಡುವ ಒಂದು ಜಾಗ, ಬೇಕಾದಷ್ಟು ನೀರು, ಸುರಕ್ಷಿತವಾದ ಒಂದು ಸಾಕೆಟ್ಟು ಇವನ್ನು ಒದಗಿಸುವುದು ನಮ್ಮ ಕರ್ತವ್ಯ. ನೀರಿನಲ್ಲಿ ಕತ್ತರಿಸುವುದರಿಂದ ಕೆಲಸ ಅರ್ಧ ದಿನ ತಡವಾದರೆ ಆ ಅರ್ಧ ದಿನದ ಕೂಲಿಯನ್ನು ಕೊಡಲು ಹಿಂಜರಿಯಬಾರದು. ಹೊಸ ನೆಲ ನಮ್ಮ ಮನೆಯಲ್ಲಿ ಬಹುಕಾಲ ಬಾಳುತ್ತದೆ. ಅದನ್ನು ಹಾಸಿದ ಕೈಗಳೂ ಅಷ್ಟು ಕಾಲ ಆರೋಗ್ಯದಿಂದ ದುಡಿಯುವಂತಿರಬೇಕು.